ಸಿಂಪ್ಯೂಟರ್: ಅಂಗೈಯಗಲದ ಕಂಪ್ಯೂಟರು

ಓದಲು ಬಾರದವರೂ ಬಳಸಬಲ್ಲ ಅಗ್ಗದ ಕಂಪ್ಯೂಟರಿನ ಕಲ್ಪನೆ ಬೆಂಗಳೂರಿನಲ್ಲಿ 1998ರಲ್ಲಿ ಮೊಳೆಯಿತು. ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಸಾಫ್ಟ್‌ವೇರ್‌ನ ತಂತ್ರಜ್ಞರು ಸೇರಿ ಸಿಂಪ್ಯೂಟರ್ ಟ್ರಸ್ಟ್ ಕಟ್ಟಿದರು. 2001ರಲ್ಲಿ ಮೊದಲ ಮಾದರಿ ಹೊರಬಂತು.

ಲಿನಕ್ಸ್ ಆಧಾರಿತವಾದ ಈ ಸಾಧನಕ್ಕೆ ಕೀಲಿಮಣೆಯಿರಲಿಲ್ಲ. ಸ್ಪರ್ಶಪರದೆಯ ಮೇಲೆ ಕಡ್ಡಿಯಿಂದ ಒತ್ತಿದರೆ ಸಾಕು, ಅದು ಭಾರತೀಯ ಭಾಷೆಗಳ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ಎಲ್ಲಕ್ಕಿಂತ ಜಾಣ ಯೋಚನೆಯೆಂದರೆ ಸ್ಮಾರ್ಟ್‌ಕಾರ್ಡ್: ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಳ್ಳಬಹುದಿತ್ತು, ಪ್ರತಿಯೊಬ್ಬರ ವಿವರ ಅವರವರ ಕಾರ್ಡಿನಲ್ಲೇ ಉಳಿಯುತ್ತಿತ್ತು. ಬಡತನವನ್ನೇ ವಿನ್ಯಾಸದ ಷರತ್ತಾಗಿ ಒಪ್ಪಿಕೊಂಡ ಇಂಥ ಉಪಕರಣ ಅಂದು ಅಪರೂಪ.

2004ರಲ್ಲಿ ಪೀಕೋಪೇಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಕಂಪನಿಗಳು ಸಿಂಪ್ಯೂಟರಿನ 'ಅಮಿಡ' ಮಾದರಿಯನ್ನು ಮಾರುಕಟ್ಟೆಗೆ ತಂದವು. ಕೈಯ ಚಲನೆಯನ್ನು ಗುರುತಿಸುವ ಸಂವೇದಕ ಅದರಲ್ಲಿತ್ತು. ಐಫೋನ್ ಬರಲು ಇನ್ನೂ ಮೂರು ವರ್ಷವಿತ್ತು. ಕರ್ನಾಟಕ ಸರ್ಕಾರ ಭೂದಾಖಲೆ ಕೆಲಸಕ್ಕೆ ಸಿಂಪ್ಯೂಟರ್ ಬಳಸಿತು. ಆದರೆ ಅತ್ಯಂತ ಅಗ್ಗದ ಮಾದರಿಗೂ ಸುಮಾರು 10 ಸಾವಿರ ರೂಪಾಯಿ. ಅದು ಹಳ್ಳಿಗರಿಗೆ ಹೊರೆಯೇ. ದೊಡ್ಡ ಪ್ರಮಾಣದ ಖರೀದಿ ಆಗಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನು ಅಗ್ಗವಾಗುತ್ತ ಹಳ್ಳಿಗಳನ್ನು ತಲುಪತೊಡಗಿತ್ತು. ಸಿಂಪ್ಯೂಟರ್ ಮಾರಾಟ ಕೆಲವೇ ಸಾವಿರ ಯಂತ್ರಗಳಿಗೆ ನಿಂತಿತು.