ಕಲ್ಲಿಗೆ ಹೊಳಪು ಕೊಟ್ಟ ಕೈಗಳು

ನಮ್ಮ ಕೂಟದ ಕನ್ನಡ ಶಾಲೆಯಲ್ಲಿ ಕಳೆದ ಚಳಿಗಾಲ ಮಕ್ಕಳಿಗೆ ಕಾಗುಣಿತದ ಜೊತೆಗೆ ಕಲ್ಲು ಉಜ್ಜುವುದನ್ನೂ ಕಲಿಸಿದೆವು ಎಂದರೆ ಕೆಲವು ಸದಸ್ಯರಿಗೆ ನಗು ಬರಬಹುದು. "ಇಷ್ಟು ದೂರ ಬಂದು ಮಕ್ಕಳ ಕೈಲಿ ಕಲ್ಲು ತಿಕ್ಕಿಸುತ್ತೀರಲ್ಲ!" ಎಂದು ಹಿರಿಯರೊಬ್ಬರು ಅಂದೇ ಬಿಟ್ಟರು. ಆದರೆ ಎರಡನೆಯ ವಾರವೇ ಹುಡುಗಿಯೊಬ್ಬಳು, "ಅಂಕಲ್, ಕಲ್ಲನ್ನು ಹೀಗೆ ಉಜ್ಜಿದರೆ ಹೊಳೆಯುತ್ತದೆ ಅಂತ ಮೊದಲು ಯಾರಿಗೆ ಗೊತ್ತಾಯಿತು?" ಎಂದು ಕೇಳಿದಳು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಪುಸ್ತಕಗಳನ್ನು ತಿರುವಿ ನೋಡಿದಾಗ ಸಿಕ್ಕಿದ ಉತ್ತರ ನಮ್ಮನ್ನು ಬಳ್ಳಾರಿಗೆ, ಗುಜರಾತಿಗೆ, ಜರ್ಮನಿಗೆ ಸುತ್ತಿಸಿ ಮತ್ತೆ ಇಲ್ಲಿಗೇ ತಂದು ಬಿಟ್ಟಿತು. ಅದನ್ನು ಎಲ್ಲರೊಡನೆ ಹಂಚಿಕೊಳ್ಳಲು ಈ ಲೇಖನ.

ಮೊದಲು ನಮ್ಮ ಕಲ್ಲಿನ ಪರಿಚಯ. ನಾವಿರುವ ಮಿಷಿಗನ್ ರಾಜ್ಯದ ಉತ್ತರ ಭಾಗದ ಸರೋವರ ತೀರಗಳಲ್ಲಿ ಪೆಟೊಸ್ಕಿ ಕಲ್ಲು ಸಿಗುತ್ತದೆ. ಒಣಗಿದ್ದಾಗ ಬೂದು ಬಣ್ಣದ ಬಡಪಾಯಿ ಕಲ್ಲು. ನೀರಿಗೆ ಅದ್ದಿದ ಕೂಡಲೇ ಜೇನುಗೂಡಿನಂತೆ ಆರು ಮೂಲೆಯ ಚಿತ್ತಾರ ಮೂಡುತ್ತದೆ. ಇದು ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಬೆಚ್ಚನೆಯ, ಆಳವಿಲ್ಲದ ಸಮುದ್ರದ ಹವಳ. ಒಂದೊಂದು ಕೋಣೆಯ ನಡುವೆ ಕಾಣುವ ಕಪ್ಪು ಚುಕ್ಕೆ ಆ ಪುಟ್ಟ ಜೀವಿಯ ಬಾಯಿ. ಹಿಮಯುಗದ ಹಿಮನದಿಗಳು ಈ ಹವಳದ ಬಂಡೆಗಳನ್ನು ಕಿತ್ತು, ಒಡೆದು, ತೀರದುದ್ದಕ್ಕೂ ಚೆಲ್ಲಿದವು. ಕಲ್ಲಿಗೆ ಈ ಹೆಸರು ಬಂದದ್ದು ಪೆಟೊಸ್ಕಿ ಎಂಬ ಊರಿನಿಂದ, ಊರಿಗೆ ಬಂದದ್ದು ಒಡಾವಾ ಜನಾಂಗದ ಒಬ್ಬ ಮುಖಂಡರಿಂದ. 1965ರಲ್ಲಿ ಇದನ್ನು ರಾಜ್ಯದ ಅಧಿಕೃತ ಕಲ್ಲೆಂದು ಘೋಷಿಸಲಾಯಿತು.

ನಮ್ಮ ಮೊದಲ ಪ್ರಯತ್ನ ಕೆಟ್ಟಿತು. ಕಲ್ಲು ನುಣುಪು ಮಾಡುವ ಟಂಬ್ಲರ್ ಯಂತ್ರಕ್ಕೆ ಅಗೇಟ್ ಕಲ್ಲುಗಳ ಜೊತೆ ಪೆಟೊಸ್ಕಿಗಳನ್ನೂ ಹಾಕಿ ಒಂದು ವಾರ ತಿರುಗಿಸಿದೆವು. ಮುಚ್ಚಳ ತೆಗೆದಾಗ ಅಗೇಟುಗಳು ಹಾಗೇ ಇದ್ದವು. ಪೆಟೊಸ್ಕಿಗಳು ಸವೆದು ಸವೆದು ಕಡಲೆಕಾಳಿನಷ್ಟಾಗಿದ್ದವು. ಮಕ್ಕಳ ಮುಖ ನೋಡಲಾಗಲಿಲ್ಲ. ಕಾರಣ ಸರಳವಾದದ್ದು. 1812ರಲ್ಲಿ ಜರ್ಮನಿಯ ಫ್ರೆಡ್ರಿಕ್ ಮೋಸ್ ಖನಿಜಗಳ ಗಡಸುತನಕ್ಕೆ 1ರಿಂದ 10ರವರೆಗಿನ ಒಂದು ಅಳತೆ ಮಾಡಿಕೊಟ್ಟ. ಯಾವುದು ಯಾವುದನ್ನು ಗೀರಬಲ್ಲದು ಎಂಬುದೇ ಅದರ ಆಧಾರ. ಪೆಟೊಸ್ಕಿ ಸುಣ್ಣದ ಜಾತಿಯದು, ಅದರ ಗಡಸುತನ 3. ಅಗೇಟಿನದು ಸುಮಾರು 7. ಕುರಿಯನ್ನೂ ಹೋರಿಯನ್ನೂ ಒಂದೇ ದೊಡ್ಡಿಗೆ ಕೂಡಿದಂತಾಗಿತ್ತು ನಮ್ಮ ಕೆಲಸ.

ಆಮೇಲೆ ಪೆಟೊಸ್ಕಿಯನ್ನು ಕೈಯಲ್ಲೇ ಉಜ್ಜಲು ಕೂತೆವು. ನೀರಿನಲ್ಲಿ ನೆನೆಸಿ ಬಳಸುವ ಉಪ್ಪುಕಾಗದ ಮೊದಲು 220ನೇ ನಂಬರಿನದು, ಆಮೇಲೆ 400, ಆಮೇಲೆ 600. ನಂಬರು ಹೆಚ್ಚಿದಷ್ಟೂ ಕಾಗದ ನಯ. ಕೊನೆಗೆ ಒದ್ದೆ ಮಖಮಲ್ ಬಟ್ಟೆಯ ಮೇಲೆ ಹೊಳಪಿನ ಪುಡಿ. ಹೊಳಪು ಎಂದರೆ ಕಲ್ಲಿಗೆ ಏನನ್ನೋ ಬಳಿಯುವುದಲ್ಲ. ದೊಡ್ಡ ಗೀರನ್ನು ಸಣ್ಣ ಗೀರಿನಿಂದ, ಅದನ್ನು ಇನ್ನೂ ಸಣ್ಣದರಿಂದ ಅಳಿಸುತ್ತ ಹೋಗಿ, ಕೊನೆಗೆ ಕಣ್ಣಿಗೆ ಗೀರೇ ಕಾಣದಂತೆ ಮಾಡುವುದು. ನಡುವಿನ ಒಂದು ಹಂತವನ್ನು ಹಾರಿಸಿದರೂ ಹಳೆಯ ಗೀರು ಅಲ್ಲೇ ಉಳಿದು ಕೊನೆಯಲ್ಲಿ ಎದ್ದು ಕಾಣುತ್ತದೆ.

ಈಗ ಹುಡುಗಿಯ ಪ್ರಶ್ನೆಗೆ ಬರೋಣ. ಮೊದಲು ಯಾರಿಗೆ ಗೊತ್ತಾಯಿತೆಂದು ಹೆಸರು ಹೇಳುವುದು ಸಾಧ್ಯವಿಲ್ಲ. ಕಲ್ಲನ್ನು ಉಜ್ಜಿ ನಯಗೊಳಿಸಿದ ಆಯುಧಗಳಿಂದಲೇ ಗುರುತಿಸುವ ಒಂದು ಯುಗ ಮನುಷ್ಯನ ಇತಿಹಾಸದಲ್ಲಿದೆ: ನವಶಿಲಾಯುಗ. ಆ ಯುಗದ ಒಂದು ದೊಡ್ಡ ಕಾರ್ಯಾಗಾರ ನಮ್ಮ ಕರ್ನಾಟಕದಲ್ಲೇ, ಬಳ್ಳಾರಿಯ ಹೊರಗಿನ ಸಂಗನಕಲ್ಲು ಮತ್ತು ಕುಪ್ಪಗಲ್ಲು ಗುಡ್ಡಗಳಲ್ಲಿ ಇತ್ತು. 19ನೇ ಶತಮಾನದಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಬಳ್ಳಾರಿ ಪ್ರದೇಶದಲ್ಲಿ ಇಂಥ ಕಲ್ಲುಕೊಡಲಿಗಳನ್ನು ಸಂಗ್ರಹಿಸಿದರು. 1946ರಲ್ಲಿ ಬಿ. ಸುಬ್ಬರಾವ್ ಸಂಗನಕಲ್ಲಿನಲ್ಲಿ ಉತ್ಖನನ ನಡೆಸಿದರು. ಮುಂದೆ ಡಾ. ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಅಲ್ಲಿನ ಹಿರೇಗುಡ್ಡದಲ್ಲಿ ಕೊಡಲಿ ತಯಾರಿಸುತ್ತಿದ್ದ ಜಾಗವನ್ನು ವಿವರವಾಗಿ ಅಧ್ಯಯನ ಮಾಡಿದರು.

ಅಲ್ಲಿನ ಜನ ಡಾಲರೈಟ್ ಎಂಬ ಕಪ್ಪು ಕಲ್ಲನ್ನು ಚಕ್ಕೆ ಎಬ್ಬಿಸಿ ಕೊಡಲಿಯ ಆಕಾರಕ್ಕೆ ತರುತ್ತಿದ್ದರು. ಬಳಿಕ ಗ್ರಾನೈಟ್ ಬಂಡೆಯ ಮೇಲೆ ಉಜ್ಜಿ ಅಲಗನ್ನು ಮಸೆಯುತ್ತಿದ್ದರು. ಉಜ್ಜಿ ಉಜ್ಜಿ ಬಂಡೆಗಳಲ್ಲಿ ಬಿದ್ದ ತಗ್ಗುಗಳು ಸುಮಾರು 3,500 ವರ್ಷಗಳಾದರೂ ಇವತ್ತಿಗೂ ಕಾಣುತ್ತವೆ. ಮಕ್ಕಳಿಗೆ ಅವುಗಳ ಚಿತ್ರ ತೋರಿಸಿದಾಗ ಒಬ್ಬ ಹುಡುಗ ತನ್ನ ಕಲ್ಲನ್ನು ಚಿತ್ರದ ತಗ್ಗಿನ ಮೇಲಿಟ್ಟು ಹಿಂದೆ ಮುಂದೆ ಆಡಿಸಿ ನೋಡಿದ. "ಸೇಮ್ ಮೂವ್‌ಮೆಂಟ್!" ಎಂದ. ನಮಗೂ ಆ ಕ್ಷಣ ರೋಮಾಂಚನವಾಯಿತು.

ಕೊಡಲಿ ಬದುಕಿಗೆ ಬೇಕಾದ ವಸ್ತು. ಬರಿಯ ಅಂದಕ್ಕಾಗಿ ಕಲ್ಲಿಗೆ ಹೊಳಪು ಕೊಟ್ಟವರನ್ನು ನೋಡಬೇಕಾದರೆ ಗುಜರಾತಿಗೆ ಹೋಗಬೇಕು. ಅಲ್ಲಿನ ಲೋಥಲ್ ನೆಲೆಯನ್ನು 1954ರಲ್ಲಿ ಗುರುತಿಸಿ ಉತ್ಖನನ ನಡೆಸಿದವರು ನಮ್ಮ ಕರ್ನಾಟಕದವರೇ ಆದ ಡಾ. ಎಸ್. ಆರ್. ರಾವ್. ಹರಪ್ಪ ನಾಗರಿಕತೆಯ ಕಾಲದ ಮಣಿ ತಯಾರಿಸುವ ಕಾರ್ಖಾನೆಯೊಂದು ಅಲ್ಲಿ ಬೆಳಕಿಗೆ ಬಂತು. ಕಾರ್ನೀಲಿಯನ್ ಎಂಬ ಕೆಂಪು ಅಗೇಟನ್ನು ಬೆಂಕಿಯಲ್ಲಿ ಕಾಯಿಸಿ ಬಣ್ಣ ಗಾಢವಾಗಿಸಿ, ಒಡೆದು, ತೂತು ಕೊರೆದು, ಉಜ್ಜಿ ಮಣಿ ಮಾಡುತ್ತಿದ್ದರು. ಸಿಂಧೂ ಪ್ರದೇಶದ ಇಂಥ ಮಣಿಗಳು ಇರಾಕಿನ ಊರ್ ನಗರದ ರಾಜ ಸಮಾಧಿಗಳಲ್ಲೂ ಸಿಕ್ಕಿವೆ.

ಲೋಥಲಿಗೆ ಹತ್ತಿರದ ಖಂಭಾತ್ ಊರಿನಲ್ಲಿ ಈ ಕಸುಬು ಇಂದಿಗೂ ಇದೆ. ಅಲ್ಲಿನ ಹಳೆಯ ಪದ್ಧತಿಯೊಂದನ್ನು 19ನೇ ಶತಮಾನದ ಮುಂಬಯಿ ಗೆಜೆಟಿಯರ್ ವರ್ಣಿಸಿದೆ. ಮಣಿಗಳನ್ನು ಸಾಣೆಪುಡಿಯೊಡನೆ ಗಟ್ಟಿ ಚರ್ಮದ ಚೀಲಕ್ಕೆ ತುಂಬಿ ಬಾಯಿ ಕಟ್ಟುವುದು, ಚೀಲಕ್ಕೆ ಪಟ್ಟಿ ಸುತ್ತಿ ಇಬ್ಬರು ಎದುರುಬದುರು ಕೂತು ಆ ಕಡೆ ಈ ಕಡೆ ಎಳೆಯುವುದು, ಆಗಾಗ ನೀರು ಸೋಕಿಸುವುದು. ಹೀಗೆ ಹತ್ತು ಹದಿನೈದು ದಿನ! ನಮ್ಮ ಟಂಬ್ಲರ್ ಯಂತ್ರ ಮಾಡುವುದೂ ಇದನ್ನೇ. ಚರ್ಮದ ಚೀಲದ ಬದಲು ರಬ್ಬರಿನ ಡಬ್ಬಿ, ಇಬ್ಬರು ಮನುಷ್ಯರ ಬದಲು ಒಂದು ಮೋಟಾರು.

ಮನುಷ್ಯನ ತೋಳಿಗೆ ಬದಲಾಗಿ ನೀರಿನ ಶಕ್ತಿ ಬಳಸಿದ್ದು ಜರ್ಮನಿಯ ಇಡಾರ್-ಒಬರ್‌ಸ್ಟೈನ್ ಊರಿನವರು. ಸುತ್ತಲಿನ ಗುಡ್ಡಗಳಲ್ಲಿ ಅಗೇಟ್ ಸಿಗುತ್ತಿತ್ತು, ಹಳ್ಳದ ನೀರು ಹರಿಯುತ್ತಿತ್ತು. ಆ ನೀರಿನಿಂದ ತಿರುಗುವ ದೊಡ್ಡ ದೊಡ್ಡ ಮರಳುಗಲ್ಲಿನ ಚಕ್ರಗಳ ಮುಂದೆ ಕಾರ್ಮಿಕರು ಮರದ ಪೀಠದ ಮೇಲೆ ಬೋರಲಾಗಿ ಮಲಗಿ, ಕಾಲನ್ನು ಹಿಂದಕ್ಕೆ ಒದ್ದುಕೊಂಡು, ಮೈಭಾರವನ್ನೆಲ್ಲ ಹಾಕಿ ಕಲ್ಲನ್ನು ಚಕ್ರಕ್ಕೆ ಒತ್ತುತ್ತಿದ್ದರು. 19ನೇ ಶತಮಾನದ ಹೊತ್ತಿಗೆ ಊರಿನ ಅಗೇಟ್ ಮುಗಿಯುತ್ತ ಬಂತು. ಬದುಕು ಹುಡುಕಿ ಬ್ರೆಜಿಲ್‌ಗೆ ವಲಸೆ ಹೋದ ಅದೇ ಊರಿನವರು 1827ರಲ್ಲಿ ಅಲ್ಲಿ ಅಗೇಟ್ ರಾಶಿಯನ್ನು ಕಂಡು ಹಡಗಿನಲ್ಲಿ ಊರಿಗೆ ಕಳಿಸತೊಡಗಿದರು. ಪರದೇಶಕ್ಕೆ ಹೋದವರು ತವರಿನ ಕಸುಬನ್ನು ಉಳಿಸಿದ ಈ ಕಥೆ ನಮ್ಮಂಥವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ.

ಇನ್ನು ಸಾಣೆಪುಡಿಯ ಕಥೆ. ವಜ್ರವನ್ನು ಬಿಟ್ಟರೆ ಪ್ರಕೃತಿಯಲ್ಲಿ ಸುಲಭವಾಗಿ ಸಿಗುವ ಅತಿ ಗಡುಸಾದ ಕಲ್ಲು ಕುರುಂದ, ಮೋಸ್ ಅಳತೆಯಲ್ಲಿ 9. ಇಂಗ್ಲಿಷಿನ 'ಕೊರಂಡಮ್' ಎಂಬ ಹೆಸರು ಹುಟ್ಟಿದ್ದೇ ದಕ್ಷಿಣ ಭಾರತದ ಈ ಮಾತಿನಿಂದ. 1891ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಎಡ್ವರ್ಡ್ ಅಚೆಸನ್ ವಿದ್ಯುತ್ ಕುಲುಮೆಯಲ್ಲಿ ಜೇಡಿಮಣ್ಣು ಮತ್ತು ಕೋಕ್ ಕಾಯಿಸುವಾಗ ಹೊಳೆಯುವ ಹರಳುಗಳನ್ನು ಕಂಡ. ಅವು ಕುರುಂದವನ್ನೂ ಗೀರುವಷ್ಟು ಗಡುಸು. ಕಾರ್ಬನ್, ಕೊರಂಡಮ್ ಎರಡು ಹೆಸರನ್ನೂ ಸೇರಿಸಿ 'ಕಾರ್ಬೊರಂಡಮ್' ಎಂದು ಕರೆದ. ಇಂದು ಟಂಬ್ಲರಿಗೆ ಹಾಕುವ ಪುಡಿ ಅದೇ. ಅದರ ಹೆಸರಿನಲ್ಲಿ ನಮ್ಮ ಕಡೆಯ ಪದವೊಂದು ಕೂತಿದೆ ಎಂದಾಗ ಮಕ್ಕಳಿಗೆ ಏನೋ ಹೆಮ್ಮೆ!

ಎರಡನೇ ಮಹಾಯುದ್ಧದ ಬಳಿಕ ಅಮೆರಿಕದಲ್ಲಿ ಕಾರು, ರಜೆ, ಸಣ್ಣ ಮೋಟಾರು ಮಧ್ಯಮವರ್ಗದ ಕೈಗೆಟುಕಿದವು. ಕಲ್ಲು ಹುಡುಕಿ ಉಜ್ಜುವುದು ಮನೆಮಂದಿಯ ಹವ್ಯಾಸವಾಯಿತು. ದೇಶದ ಹವ್ಯಾಸಿ ಸಂಘಗಳ ಒಕ್ಕೂಟ 1947ರಲ್ಲಿ ಹುಟ್ಟಿತು. ಸಾವಿರಾರು ವರ್ಷ ಹೊಟ್ಟೆಪಾಡಾಗಿದ್ದ ಕೆಲಸ ಬೇಸ್‌ಮೆಂಟಿನ ಆಟವಾಯಿತು.

ನಮ್ಮ ಲೇಖನ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಒಂದು ಶನಿವಾರ ಬೇಗ ಮುಗಿಸುವ ಆತುರದಲ್ಲಿ ಒಬ್ಬ ಹುಡುಗ ಕಲ್ಲನ್ನು ಒಣ ಕಾಗದದ ಮೇಲೆ ಉಜ್ಜತೊಡಗಿದ. ಬಿಳಿ ಧೂಳೆದ್ದು ಕೆಮ್ಮು ಬಂತು. ಊರಿನಿಂದ ಬಂದಿದ್ದ ಅಜ್ಜಿಯೊಬ್ಬರು ಅವನ ಪಕ್ಕ ಕೂತು, "ಗಂಧ ತೇಯ್ದ ಹಾಗೆ ತೇಯಿ ಪುಟ್ಟಾ. ನೀರು ಹಾಕಿಕೋ, ಸುತ್ತ ತೇಯಿ, ಅವಸರ ಬೇಡ" ಎಂದರು. ದೇವರ ಮನೆಯ ಸಾಣೆಕಲ್ಲಿನ ಮೇಲೆ ಅರವತ್ತು ವರ್ಷ ಗಂಧ ತೇಯ್ದ ಕೈ ಅದು. ನಾವು ಪುಸ್ತಕದಿಂದ ಕಲಿತದ್ದು ಅವರಿಗೆ ಬೆರಳಿನಲ್ಲೇ ಇತ್ತು.

ಅಂದು ಮಕ್ಕಳಿಗೆ ಉಳಿದ ಅರ್ಧ ಇತಿಹಾಸವನ್ನೂ ಹೇಳಿದೆವು. ಅಗೇಟಿನ ಧೂಳು ಎಂದರೆ ಸಿಲಿಕಾ ಧೂಳು. ಅದು ಉಸಿರಿನೊಡನೆ ಒಳಹೋಗಿ ಶ್ವಾಸಕೋಶದಲ್ಲಿ ಕೂತರೆ ಸಿಲಿಕೋಸಿಸ್ ಬರುತ್ತದೆ. ಅದಕ್ಕೆ ಮದ್ದಿಲ್ಲ. ಇಡಾರಿನ ಕಾರ್ಮಿಕರು ತೇವ, ಧೂಳಿನ ನಡುವೆ ಮಲಗಿ ಕೆಲಸ ಮಾಡಿ ಎದೆಯ ರೋಗಕ್ಕೆ ತುತ್ತಾದರು. ಖಂಭಾತಿನಲ್ಲಿ ಮೋಟಾರಿನ ಸಾಣೆಚಕ್ರ ಬಂದ ಮೇಲೆ ಕೆಲಸದ ವೇಗದ ಜೊತೆ ಧೂಳೂ ಹೆಚ್ಚಿತು. ಎಷ್ಟೋ ಕಡೆ ಮನೆಯೇ ಕಾರ್ಖಾನೆ, ಆದ್ದರಿಂದ ಚಕ್ರದ ಮುಂದೆ ಕೂರದವರಿಗೂ ಧೂಳು ತಪ್ಪಲಿಲ್ಲ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿನ ಅಗೇಟ್ ಕಾರ್ಮಿಕರಲ್ಲಿ ಈ ರೋಗವನ್ನು ಗುರುತಿಸಿ ವರದಿ ಮಾಡಿದೆ.

"ಮತ್ತೆ ಅವರು ಯಾಕೆ ನಿಧಾನವಾಗಿ ಮಾಡಲಿಲ್ಲ?" ಎಂದು ಕೇಳಿದ ಅದೇ ಹುಡುಗ. ಮಣಿಯ ಲೆಕ್ಕದಲ್ಲಿ ಕೂಲಿ ಸಿಗುವವರಿಗೆ ನಿಧಾನ ಎಂಬುದು ದುಬಾರಿ ವಸ್ತು ಎಂದು ಹೇಳಿದೆವು. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಎದ್ದು ಹೋಗಿ ಬಟ್ಟಲಿಗೆ ನೀರು ತುಂಬಿಕೊಂಡು ಬಂದ. ನಮ್ಮ ಬಳಿ ನಿಧಾನಕ್ಕೆ ಬೇಕಾದ ಸಮಯವಿದೆ. ಈ ಹವ್ಯಾಸದ ದೊಡ್ಡ ಸಿರಿ ಅದೇ, ಕಲ್ಲಲ್ಲ. ಅದು ಇಲ್ಲದವರು ಉಜ್ಜಿದ ಮಣಿ ನಮ್ಮ ಕೊರಳಲ್ಲೂ ಇರಬಹುದು ಎಂಬುದನ್ನು ಮಕ್ಕಳು ತಿಳಿದು ಬೆಳೆಯಲಿ.

ಮನೆಯಲ್ಲಿ ಮಾಡಿ ನೋಡುವವರಿಗೆ ನಾಲ್ಕು ಮಾತು. ಸದಾ ನೀರು ಹಾಕಿಯೇ ಉಜ್ಜಿ. ಟಂಬ್ಲರಿನಲ್ಲಿ ಒಂದೇ ಗಡಸುತನದ ಕಲ್ಲುಗಳನ್ನು ಹಾಕಿ, ಪ್ರತಿ ಹಂತಕ್ಕೆ ವಾರದಂತೆ ಒಂದು ತಿಂಗಳು ಕಾಯಿರಿ, ಹಂತ ಬದಲಿಸುವಾಗ ಕಲ್ಲನ್ನೂ ಡಬ್ಬಿಯನ್ನೂ ಚೆನ್ನಾಗಿ ತೊಳೆಯಿರಿ. ತೊಳೆದ ಕೆಸರನ್ನು ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಮಿಷಿಗನ್ನಿನ ಸರ್ಕಾರಿ ಜಾಗಗಳಿಂದ ಒಬ್ಬರು ವರ್ಷಕ್ಕೆ 25 ಪೌಂಡ್‌ವರೆಗೆ ಮಾತ್ರ ಕಲ್ಲು ಆಯಬಹುದು. ಸ್ಲೀಪಿಂಗ್ ಬೇರ್ ಡ್ಯೂನ್ಸ್‌ನಂಥ ರಾಷ್ಟ್ರೀಯ ತೀರಗಳಲ್ಲಿ ಒಂದನ್ನೂ ಆಯುವಂತಿಲ್ಲ.

ಮಕ್ಕಳು ಉಜ್ಜಿದ ಕಲ್ಲುಗಳು ಈಗ ಶಾಲೆಯ ಕಿಟಕಿಯಲ್ಲಿ ಸಾಲಾಗಿ ಕೂತಿವೆ. ಒಂದೆರಡರಲ್ಲಿ ಹಳೆಯ ಗೀರು ಹಾಗೇ ಕಾಣುತ್ತದೆ. ಅವನ್ನೂ ತೆಗೆದಿಲ್ಲ. ಮುಂದಿನ ಸಲ ಶಾಲೆಗೆ ಬಂದಾಗ ಕೈಗೆತ್ತಿಕೊಂಡು ನೋಡಿ. ಅಜ್ಜಿ ಊರಿಗೆ ಮರಳಿದ್ದಾರೆ, ಆದರೆ ಅವರ ಮಾತನ್ನು ಮಕ್ಕಳು ಗೋಡೆಯ ಮೇಲೆ ದಪ್ಪಕ್ಷರದಲ್ಲಿ, ಒಂದೂ ತಪ್ಪಿಲ್ಲದೆ ಬರೆದಿದ್ದಾರೆ: "ನೀರು ಹಾಕಿಕೋ, ಸುತ್ತ ತೇಯಿ, ಅವಸರ ಬೇಡ."