ಪ್ಯಾರಾ: ಬಿಟ್ಟ ಜಾಗದ ಕಥೆ

ಓದುವವರ ಕಣ್ಣು ಅಕ್ಷರಗಳ ಮೇಲಿರುತ್ತದೆಯೇ ಹೊರತು ಅಕ್ಷರವಿಲ್ಲದ ಜಾಗದ ಮೇಲಲ್ಲ. ಪತ್ರಿಕೆಯ ಯಾವ ಬರಹವನ್ನೇ ತೆಗೆದುಕೊಂಡರೂ ಹತ್ತು ಹನ್ನೆರಡು ಸಾಲಿಗೊಮ್ಮೆ ಒಂದು ಸಾಲು ಅರ್ಧಕ್ಕೇ ನಿಲ್ಲುತ್ತದೆ. ಮುಂದಿನದು ಎಡ ಅಂಚಿನಿಂದ ತುಸು ಒಳಗೆ ಸರಿದು ಆರಂಭವಾಗುತ್ತದೆ. ಅಷ್ಟರಿಂದಲೇ ಮಾತು ಬೇರೆ ಕಡೆ ಹೊರಳಿತೆಂದು ಓದುಗರಿಗೆ ತಿಳಿಯುತ್ತದೆ. ಇದೇ ಪ್ಯಾರಾ. ಪಂಡಿತರು ಇದನ್ನು ವಾಕ್ಯವೃಂದ ಎಂದರು, ಪರಿಚ್ಛೇದ ಎಂದರು. ಸರ್ಕಾರಿ ಕಡತಗಳಲ್ಲಿ 'ಕಂಡಿಕೆ' ಎಂಬ ಮಾತೂ ಉಂಟು. ಶತಪಥ ಬ್ರಾಹ್ಮಣದಂಥ ವೈದಿಕ ಗದ್ಯದ ಕಿರುಭಾಗಕ್ಕಿದ್ದ 'ಕಂಡಿಕಾ' ಎಂಬ ಹೆಸರು ಅದು. ಆದರೆ ಜನರ ಬಾಯಲ್ಲಿ ನಿಂತದ್ದು ಮಾತ್ರ ಪ್ಯಾರಾ.

ಈ ಹೆಸರು ಗ್ರೀಕರದು. 'ಪರಾ' ಎಂದರೆ ಪಕ್ಕದಲ್ಲಿ, 'ಗ್ರಾಫೆಯಿನ್' ಎಂದರೆ ಬರೆಯುವುದು. ಪ್ರಾಚೀನ ಗ್ರೀಕರು ಪದ ಪದಗಳ ನಡುವೆಯೂ ಜಾಗ ಬಿಡುತ್ತಿರಲಿಲ್ಲ. ಅಂಥ ಒತ್ತೊತ್ತಾದ ಬರಹದ ಎಡ ಅಂಚಿನಲ್ಲಿ, ಸಾಲಿನ ಆರಂಭದ ಕೆಳಗೆ, ಲಿಪಿಕಾರ ಒಂದು ಚಿಕ್ಕ ಅಡ್ಡಗೆರೆ ಎಳೆಯುತ್ತಿದ್ದ. ನಾಟಕದಲ್ಲಾದರೆ ಮಾತಾಡುವವನು ಬದಲಾದನೆಂದೂ ಗದ್ಯದಲ್ಲಾದರೆ ಒಂದು ವಿಷಯ ಮುಗಿಯಿತೆಂದೂ ಅದರ ಅರ್ಥ. ಪ್ಯಾರಾ ಎಂದರೆ ಮೊದಲಿಗೆ ಆ ಗೆರೆ ಮಾತ್ರ. ಕ್ರಿಸ್ತಪೂರ್ವ 4ನೇ ಶತಮಾನದ ಅರಿಸ್ಟಾಟಲ್‌ಗೆ ಈ ಗೆರೆಯ ಮೇಲೆ ಅಷ್ಟೇನೂ ಗೌರವವಿರಲಿಲ್ಲ. ಮಾತು ಮುಗಿದದ್ದು ಅದರ ಲಯದಿಂದಲೇ ಗೊತ್ತಾಗಬೇಕು, ಲಿಪಿಕಾರನ ಗೆರೆಯಿಂದಲ್ಲ ಎಂಬುದು ಭಾಷಣಕಲೆಯನ್ನು ಕುರಿತ ಗ್ರಂಥದಲ್ಲಿ ಅವನ ಅಭಿಪ್ರಾಯ. ಓದುವುದೆಂದರೆ ಗಟ್ಟಿಯಾಗಿ ಓದುವುದು ಎಂದಿದ್ದ ಕಾಲಕ್ಕೆ ಅದು ಸರಿಯಾದ ಮಾತೇ.

ಮಧ್ಯಯುಗದ ಯುರೋಪಿನಲ್ಲಿ ಗೆರೆಯ ಜಾಗಕ್ಕೆ ಇನ್ನೊಂದು ಗುರುತು ಬಂತು. ಅಧ್ಯಾಯಕ್ಕೆ ಲ್ಯಾಟಿನ್ನಿನಲ್ಲಿದ್ದ 'ಕಪಿಟುಲುಮ್' ಎಂಬ ಪದದ ಮೊದಲ ಅಕ್ಷರ 'ಸಿ'. ಅದಕ್ಕೊಂದು ಉದ್ದಗೆರೆ ಸೇರಿ, ಹೊಟ್ಟೆ ತುಂಬಿ, ಕಾಲಾಂತರದಲ್ಲಿ ಹಿಂದುಮುಂದಾದ ಇಂಗ್ಲಿಷಿನ 'ಪಿ'ಯಂತೆ ಕಾಣುವ ಚಿಹ್ನೆಯಾಯಿತು. ಬರೆಯುವವನೊಬ್ಬ, ಕೆಂಪು ಶಾಯಿಯಲ್ಲಿ ಈ ಚಿಹ್ನೆಗಳನ್ನೂ ಅಲಂಕಾರದ ಅಕ್ಷರಗಳನ್ನೂ ತುಂಬುವವನು ಇನ್ನೊಬ್ಬ. ಎರಡನೆಯವನಿಗಾಗಿ ಮೊದಲನೆಯವನು ಜಾಗ ಬಿಟ್ಟಿರುತ್ತಿದ್ದ. 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದ ಗುಟೆನ್‌ಬರ್ಗ್, ಮೊದಲ ಕೆಲವು ಪುಟಗಳಲ್ಲಿ ಕೆಂಪು ಬಣ್ಣವನ್ನೂ ಅಚ್ಚಿನಲ್ಲೇ ತರಲು ನೋಡಿ ಆಮೇಲೆ ಅದನ್ನು ಕೈಬಿಟ್ಟು ಬಣ್ಣದವರಿಗೇ ಒಪ್ಪಿಸಿದ. ಅಚ್ಚುಕೂಟಗಳು ಹೆಚ್ಚಿದಂತೆ ಸಾವಿರಗಟ್ಟಲೆ ಪ್ರತಿಗಳಿಗೆ ಕೈಯಿಂದ ಕೆಂಪು ತುಂಬುವುದು ಆಗದ ಮಾತಾಯಿತು. ಚಿಹ್ನೆ ಬೀಳಲಿಲ್ಲ, ಬಿಟ್ಟ ಜಾಗ ಹಾಗೆಯೇ ಉಳಿಯಿತು. ಪ್ಯಾರಾದ ಮೊದಲ ಸಾಲು ಒಳಸರಿದಿರುವುದಕ್ಕೆ ಸಾಮಾನ್ಯವಾಗಿ ಕೊಡುವ ವಿವರಣೆ ಇದು. ಬಾರದೇ ಹೋದ ಕೆಲಸಗಾರನಿಗಾಗಿ ಕಾದಿರಿಸಿದ ಜಾಗ!

ಇಲ್ಲಿಯವರೆಗೆ ಇದು ಬರೀ ಕುಶಲಕರ್ಮಿಗಳ ಕಥೆಯಂತೆ ಕಾಣಬಹುದು. ಆದರೆ ಎಲ್ಲಿ ತುಂಡರಿಸಬೇಕೆಂಬುದು ಅರ್ಥದ ಪ್ರಶ್ನೆಯೂ ಹೌದು. ಪ್ಯಾರಿಸ್ಸಿನ ಮುದ್ರಕ ರಾಬೆರ್ ಎತಿಯೆನ್ 1551ರಲ್ಲಿ ಹೊಸ ಒಡಂಬಡಿಕೆಯನ್ನು ಅಂಕಿ ಹಚ್ಚಿದ ಚಿಕ್ಕ ಚಿಕ್ಕ ವಾಕ್ಯಗಳಾಗಿ ವಿಂಗಡಿಸಿದ. 1560ರ ಜಿನೀವಾ ಬೈಬಲ್ಲಿನಲ್ಲಿ ಅಂಥ ಪ್ರತಿಯೊಂದು ತುಂಡೂ ಹೊಸ ಸಾಲಿನಿಂದ ಆರಂಭವಾಯಿತು. ಹುಡುಕುವುದಕ್ಕೆ ಬಹಳ ಅನುಕೂಲ. ಆದರೆ ತತ್ತ್ವಜ್ಞಾನಿ ಜಾನ್ ಲಾಕ್ ಇದನ್ನು ಒಪ್ಪಲಿಲ್ಲ. ಆತ ತೀರಿಕೊಂಡ ಮೇಲೆ 1707ರಲ್ಲಿ ಅಚ್ಚಾದ ಪ್ರಬಂಧವೊಂದರಲ್ಲಿ, ಸಂತ ಪೌಲನ ಪತ್ರಗಳನ್ನು ಹೀಗೆ ಕೊಚ್ಚಿ ಹಾಕಿದ್ದರಿಂದ ಜನ ಪ್ರತಿ ತುಂಡನ್ನೂ ಬಿಡಿ ಸೂಕ್ತಿಯೆಂದು ಭಾವಿಸುತ್ತಾರೆ, ವಾದದ ಎಳೆ ಕಡಿದುಹೋಗುತ್ತದೆ ಎಂದು ದೂರಿದ. ತನ್ನ ಪಂಥಕ್ಕೆ ಒಗ್ಗುವ ತುಂಡನ್ನು ಹೆಕ್ಕಿಕೊಂಡು ಜಗಳಕ್ಕಿಳಿಯುವವರಿಗೆ ಇದರಿಂದ ಅನುಕೂಲವಾಗುತ್ತದೆ ಎಂಬುದೂ ಅವನ ಆಕ್ಷೇಪಗಳಲ್ಲೊಂದು. 1611ರ ಪ್ರಸಿದ್ಧ ಇಂಗ್ಲಿಷ್ ಬೈಬಲ್ಲಿನಲ್ಲಂತೂ ಒಂದು ವಿಚಿತ್ರವಿದೆ. ಅಲ್ಲಿ ಪ್ಯಾರಾ ತೋರಿಸುವ ಚಿಹ್ನೆಗಳು 'ಅಪೊಸ್ತಲರ ಕೃತ್ಯಗಳು' ಭಾಗದ 20ನೇ ಅಧ್ಯಾಯದವರೆಗೆ ಬಂದು ಥಟ್ಟನೆ ನಿಂತುಬಿಡುತ್ತವೆ. ಮುಂದೆ ಒಂದೂ ಇಲ್ಲ.

ಕನ್ನಡದಲ್ಲಿ ಗುರುತುಗಳು ಕಡಿಮೆ. ಕಿವಿಯ ಮೇಲೆ ನಂಬಿಕೆ ಹೆಚ್ಚು. 5ನೇ ಶತಮಾನದ್ದೆಂದು ಹೇಳಲಾಗುವ ಹಲ್ಮಿಡಿ ಶಾಸನ ಗದ್ಯದಲ್ಲಿದೆ. ಅಲ್ಲಿ ಸಾಲು ಮುರಿಯುವುದು ಕಲ್ಲಿನ ಅಗಲ ಮುಗಿದಲ್ಲಿ, ಮಾತು ಮುಗಿದಲ್ಲಿ ಅಲ್ಲ. ಓಲೆಗರಿಯ ಕಥೆಯೂ ಅದೇ. ಗರಿಯನ್ನು ಹದ ಮಾಡಿ, ಕಬ್ಬಿಣದ ಕಂಠದಿಂದ ಕೊರೆದು, ಮಸಿ ತಿಕ್ಕಿ ಅಕ್ಷರ ಮೂಡಿಸುವ ಶ್ರಮದ ಕೆಲಸದಲ್ಲಿ ಅರ್ಧ ಸಾಲು ಖಾಲಿ ಬಿಡುವ ಧಾರಾಳತನ ಯಾರಿಗಿದ್ದೀತು? ಗರಿಯಲ್ಲಿ ತಪ್ಪದೆ ಬಿಡುತ್ತಿದ್ದ ಜಾಗವೆಂದರೆ ದಾರ ಪೋಣಿಸುವ ತೂತಿನ ಸುತ್ತಲಿನದು. ಅದಕ್ಕೂ ಅರ್ಥಕ್ಕೂ ಸಂಬಂಧವಿಲ್ಲ.

ಹಾಗೆಂದು ಹಳೆಯ ಓದುಗ ದಾರಿ ತಪ್ಪುತ್ತಿರಲಿಲ್ಲ. ಪದ್ಯವಾದರೆ ಪಾದಪಾದದ ಎರಡನೆಯ ಅಕ್ಷರದ ಪ್ರಾಸವೇ ಹೊಸ ಪಾದ ಬಂತೆಂದು ಕೂಗಿ ಹೇಳುತ್ತಿತ್ತು. ಪದ್ಯ ಮುಗಿದಲ್ಲಿ ಜೋಡಿ ದಂಡ, ಒಂದು ಅಂಕಿ. ಚಂಪೂಕಾವ್ಯಗಳನ್ನು ತೆರೆದವರಿಗೆ ಕಂದಕ್ಕೆ 'ಕಂ', ಗದ್ಯಕ್ಕೆ 'ವ' ಎಂಬ ತಲೆಗುರುತುಗಳು ಪರಿಚಿತ. ಕುಮಾರವ್ಯಾಸನ ಪ್ರತಿ ಸಂಧಿಯ ತಲೆಯಲ್ಲಿ ಸೂಚನೆಯ ಪದ್ಯವಿದೆ. 1901ರಲ್ಲಿ ತೀರಿಕೊಂಡ ಮುದ್ದಣನ ರಾಮಾಶ್ವಮೇಧದಲ್ಲಂತೂ ಈ ಕೆಲಸವನ್ನು ಮನೋರಮೆಯೇ ಮಾಡುತ್ತಾಳೆ ಎನ್ನಬಹುದು. ಗಂಡನ ಕಥೆ ಉದ್ದವಾಯಿತು ಎನ್ನಿಸಿದಲ್ಲಿ ಆಕೆ ನಡುವೆ ಬಾಯಿ ಹಾಕುತ್ತಾಳೆ, ಓದುಗರಿಗೆ ಉಸಿರಾಡಲು ಬಿಡುವು ಸಿಗುತ್ತದೆ.

ಅಚ್ಚಿನ ಜೊತೆಗೆ ಪುಟದ ಹೊಸ ರೂಢಿಗಳೂ ಬಂದವು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾಯಿತು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರಡಿಸಿದ. ಅಲ್ಪವಿರಾಮ, ಪೂರ್ಣವಿರಾಮ, ಉದ್ಧರಣ ಚಿಹ್ನೆಗಳ ಸಾಲಿನಲ್ಲೇ ಪ್ಯಾರಾವೂ ಕನ್ನಡ ಗದ್ಯದ ಮನೆಗೆ ಬಂದು ನೆಲೆಯೂರಿತು. ಇಂಗ್ಲಿಷಿನಲ್ಲಿ ದೊಡ್ಡಕ್ಷರವೊಂದು ವಾಕ್ಯದ ಆರಂಭವನ್ನು ಸಾರುತ್ತದೆ. ಕನ್ನಡಕ್ಕೆ ಆ ಅನುಕೂಲವಿಲ್ಲದ್ದರಿಂದ ಬಿಟ್ಟ ಜಾಗದ ಹೊಣೆ ಇಲ್ಲಿ ಇನ್ನಷ್ಟು ಹೆಚ್ಚು. ಇನ್ನು ಒಂದು ಪ್ಯಾರಾಕ್ಕೆ ಒಂದೇ ವಿಷಯ, ಅದನ್ನು ಮೊದಲ ವಾಕ್ಯದಲ್ಲೇ ಹೇಳಬೇಕು ಎಂದು ಶಾಲೆಯಲ್ಲಿ ಕಲಿಸುವ ನಿಯಮ ಅಂಥ ಪುರಾತನವಾದದ್ದೇನೂ ಅಲ್ಲ. ಸ್ಕಾಟ್ಲೆಂಡಿನ ಅಬರ್ಡೀನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಅಲೆಗ್ಸಾಂಡರ್ ಬೇನ್ 1866ರ ತನ್ನ ಪಠ್ಯಪುಸ್ತಕದಲ್ಲಿ ಪ್ಯಾರಾಕ್ಕೆ ಇಂಥ ಕಟ್ಟುಪಾಡುಗಳನ್ನು ವಿಧಿಸಿದ. ಒಳ್ಳೆಯ ಗದ್ಯಲೇಖಕರು ಅದನ್ನು ಅಂದಿನಿಂದಲೂ ಮುರಿಯುತ್ತಲೇ ಬಂದಿದ್ದಾರೆ.

ನಿಜವಾದ ತೊಡಕು ಎದುರಾದದ್ದು ಓಲೆಗರಿಯ ಗ್ರಂಥಗಳನ್ನು ಅಚ್ಚಿಗೆ ತರುವಾಗ. ಡಿ.ಎಲ್. ನರಸಿಂಹಾಚಾರ್ಯರು 1949ರಲ್ಲಿ ಹೊರತಂದ ವಡ್ಡಾರಾಧನೆಯನ್ನೇ ನೋಡಬಹುದು. ಅದರಲ್ಲಿರುವುದು 19 ಕಥೆಗಳು. ಪ್ರತಿ ಕಥೆಯ ತಲೆಯಲ್ಲಿ ಪ್ರಾಕೃತದ ಒಂದು ಗಾಹೆ ಇರುವುದರಿಂದ ಕಥೆ ಎಲ್ಲಿ ಶುರುವಾಯಿತೆಂಬುದು ಸ್ಪಷ್ಟ. ಒಳಗೆ ಹೊಕ್ಕರೆ ಹಾಗಲ್ಲ. ಒಬ್ಬನ ಕಥೆಯೊಳಗೆ ಅವನ ಹಿಂದಿನ ಭವದ ಕಥೆ, ಅದರೊಳಗೆ ಮತ್ತೊಬ್ಬರ ಕಥೆ. ವಾಕ್ಯಗಳೋ 'ಪೋಗಿ', 'ಕಂಡು', 'ಪೇೞ್ದು' ಎಂದು ಒಂದರ ಕೈ ಒಂದು ಹಿಡಿದು ಸಾಗುತ್ತವೆ. ಅಲ್ಲಿ ಎಲ್ಲಿ ಪ್ಯಾರಾ ಮುರಿದರೂ ಯಾವ ಕಥೆ ಯಾವುದಕ್ಕೆ ಅಧೀನವೆಂದು ತೀರ್ಪು ಕೊಟ್ಟಂತೆಯೇ. ಅಡಿಟಿಪ್ಪಣಿಯಲ್ಲಿ ಪಾಠಾಂತರ ಕೊಡುವ ಪದ್ಧತಿಯಿದೆ. ಪ್ಯಾರಾಂತರ ಕೊಡುವ ಪದ್ಧತಿ ಇಲ್ಲ.

ವಚನಗಳ ವಿಷಯದಲ್ಲಿ ಇದು ಇನ್ನೂ ಸೂಕ್ಷ್ಮ. ಓಲೆಕಟ್ಟುಗಳಲ್ಲಿ ವಚನಗಳು ಒಂದರ ಬೆನ್ನಿಗೆ ಒಂದು ಒಂದೇ ಹರಿವಿನಲ್ಲಿವೆ. ಒಂದು ಮುಗಿದು ಇನ್ನೊಂದು ಆರಂಭವಾಯಿತೆಂದು ಹೇಳುವುದು ಹೆಚ್ಚಾಗಿ ಕೊನೆಯಲ್ಲಿ ಬರುವ ಅಂಕಿತ. ಕೂಡಲಸಂಗಮದೇವನ ಹೆಸರು ಭಕ್ತಿಯ ಕರೆಯೂ ಹೌದು, ಬರಹದ ಮಟ್ಟಿಗೆ ಪ್ಯಾರಾದ ಕೊನೆಯೂ ಹೌದು. ಮನೆಮನೆ ಅಲೆದು ಓಲೆಕಟ್ಟುಗಳನ್ನು ಸಂಗ್ರಹಿಸಿದ ಫ.ಗು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' 1923ರಲ್ಲಿ ಬಂತು. ಅಲ್ಲಿಂದಾಚೆಗೆ ಎಷ್ಟೋ ಸಂಪಾದನೆಗಳಾಗಿವೆ. ವಚನವನ್ನು ಗದ್ಯದಂತೆ ಒಂದೇ ಪ್ಯಾರಾ ಮಾಡಿದರೆ ಅದು ವಾದದಂತೆ ಕೇಳಿಸುತ್ತದೆ, ಸಾಲು ಸಾಲಾಗಿ ಒಡೆದರೆ ಹಾಡಿನಂತೆ. ವಚನ ಗದ್ಯವೋ ಪದ್ಯವೋ ಎಂಬ ಹಳೆಯ ಚರ್ಚೆಯಲ್ಲಿ ಸಂಪಾದಕರ ಈ ಒಡೆಯುವಿಕೆಗೂ ಪಾಲಿದೆ. ಆದರೂ ನಾವಿಂದು ಕಣ್ಣಾರೆ ಕಾಣುವ ಸಾಲುಗಳನ್ನು ಶರಣರೇ ಹಾಗೆ ಮುರಿದರೆಂದು ಎಷ್ಟೋ ಮಂದಿ ತಿಳಿದಿದ್ದಾರೆ.

ಲಾಕ್ ಅಂಜಿದ್ದು ಇಲ್ಲೂ ನಡೆದಿದೆ. ಕಾಯಕವನ್ನು ಕೈಲಾಸಕ್ಕೆ ಸಮಮಾಡುವ ಆ ಪ್ರಸಿದ್ಧ ಮಾತು ಶಾಲೆಗಳ ಗೋಡೆಯ ಮೇಲೆ, ಕಚೇರಿಗಳ ಫಲಕದಲ್ಲಿ ಬಿಡಿಯಾಗಿ ನಿಂತಿದೆ. ಬಹುಮಟ್ಟಿಗೆ ಬಸವಣ್ಣನವರ ಹೆಸರಿನಲ್ಲಿ. ಅದು ಇರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸುತ್ತಿದ್ದ ಶರಣ ಆತ. ವಚನವನ್ನು ಪೂರ್ತಿಯಾಗಿ ಓದಿದರೆ ಆ ಮಾತು ಉಪದೇಶವಾಗಿ ಬರುವುದಿಲ್ಲ, ಕಾರಣವಾಗಿ ಬರುತ್ತದೆ. ಕಾಯಕದಲ್ಲಿ ತೊಡಗಿದಾಗ ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಹಂಗು ಹರಿಯಬೇಕು ಎಂಬಷ್ಟು ದೂರ ಮಾರಯ್ಯ ಹೋಗುತ್ತಾನೆ. ಯಾಕೆ ಎಂದು ಕೇಳಿದರೆ ಆಗ ಆ ಮಾತು. ಅದರ ಬೆನ್ನಿಗೇ ಅವನ ಅಂಕಿತವಾದ ಅಮರೇಶ್ವರಲಿಂಗ. ಆ ಲಿಂಗವೂ ಕಾಯಕದ ಒಳಗೇ ಎಂದು ಹೇಳಿ ಅವನು ಮಾತು ಮುಗಿಸುತ್ತಾನೆ. ಫಲಕ ಬರೆಸುವವರು ಮುಂದಿನದನ್ನೂ ಹಿಂದಿನದನ್ನೂ ಬಿಟ್ಟು ನಡುವಿನ ಎರಡು ಪದಗಳನ್ನಷ್ಟೇ ಉಳಿಸಿಕೊಂಡಿದ್ದಾರೆ.