'ಕ್ಯಾನ್' ಆದ್ಮೇಲೆ 'ಟು' ಯಾಕೆ ಬರಲ್ಲ? ಉತ್ತರ ಜಂಗಮಕೋಟೆಯವರ ಬಾಯಲ್ಲೇ ಇದೆ

ಇವತ್ತು ಜಂಗಮಕೋಟೆಯಿಂದ ಶುರು ಮಾಡ್ತೀನಿ, ಆದರೆ ಇದು ಕೋಟೆ ಕಥೆ ಅಲ್ಲ, ರಾಜರ ಕಥೆಯೂ ಅಲ್ಲ. ಕ್ಯಾನ್, ಮೇ, ಮಸ್ಟ್, ಶಲ್ ಅನ್ನೋ ನಾಲ್ಕು ಪುಟ್ಟ ಇಂಗ್ಲಿಷ್ ಪದಗಳ ಚರಿತ್ರೆ.

ನಮ್ಮ ಹುಡುಗ ಹುಡುಗಿಯರು ಇಂಟರ್‌ವ್ಯೂನಲ್ಲಿ ಎಡವೋದು ಹೆಚ್ಚಾಗಿ ಇಲ್ಲೇ. 'ಐ ಕ್ಯಾನ್ ಏಬಲ್ ಟು ಡು' ಅಂತಾರೆ. 'ಐ ಮಸ್ಟ್ ಟು ಗೋ' ಅಂತಾರೆ. ಎದುರಿಗೆ ಕೂತವರು ತುಟಿಯಂಚಲ್ಲಿ ನಗ್ತಾರೆ. ಬಿ.ಕಾಂ. ಮುಗಿಸಿ, ಟ್ಯಾಲಿ ಕಲಿತು, ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪದವರು ಒಂದು 'ಟು' ಹೆಚ್ಚಾಗಿದ್ದಕ್ಕೆ ಕುಗ್ಗಿ ಹೋಗೋದನ್ನ ನಾನು ನೋಡಿದೀನಿ. ಇದು ಬುದ್ಧಿಯ ಕೊರತೆಯಾ? ಖಂಡಿತ ಅಲ್ಲ. ಯಾಕೆ ಅಂತ ನೋಡೋಣ.

ಮೊದಲು ಒಂದು ಸಣ್ಣ ಪ್ರಯೋಗ. ಈ ಎರಡು ಮಾತು ಜೋರಾಗಿ ಹೇಳಿ: 'ನಾನು ಮಾಡಬೇಕು.' 'ನನ್ನ ಕೈಲಿ ಮಾಡೋಕೆ ಆಗುತ್ತೆ.' ವ್ಯತ್ಯಾಸ ಗೊತ್ತಾಯ್ತಾ? ಮೊದಲನೆಯದರಲ್ಲಿ 'ಮಾಡ' ಅನ್ನೋದಕ್ಕೆ 'ಬೇಕು' ನೇರವಾಗಿ ಅಂಟಿಕೊಂಡಿದೆ. ಎರಡನೆಯದರಲ್ಲಿ ನಡುವೆ ಒಂದು 'ಕೆ' ಬಂದಿದೆ. 'ಮಾಡೋಕೆ ಬೇಕು' ಅಂತ ನಾವು ಯಾರೂ ಹೇಳಲ್ಲ, 'ಮಾಡ ಆಗುತ್ತೆ' ಅಂತಲೂ ಹೇಳಲ್ಲ. ಬೇಕು, ಬಹುದು, ಬಾರದು, ಕೂಡದು, ಬಲ್ಲೆ: ಇವು ಅಂಟೋ ಪದಗಳು. ಆಗುತ್ತೆ, ಬರುತ್ತೆ: ಇವಕ್ಕೆ 'ಕೆ' ಬೇಕು. ಈಜೋಕೆ ಬರುತ್ತೆ, ಓದೋಕೆ ಆಗುತ್ತೆ.

ಇಂಗ್ಲಿಷ್‌ನಲ್ಲೂ ಲೆಕ್ಕ ಇದೇ. ಕ್ಯಾನ್, ಮೇ, ಮಸ್ಟ್, ಶಲ್, ವಿಲ್ ಅಂಟೋ ಗುಂಪು: ಕ್ಯಾನ್ ಡು, ಮಸ್ಟ್ ಗೋ. ಏಬಲ್, ಹ್ಯಾವ್, ಆಟ್ 'ಕೆ' ಗುಂಪು: ಏಬಲ್ ಟು ಡು, ಹ್ಯಾವ್ ಟು ಗೋ. 'ಕ್ಯಾನ್ ಏಬಲ್ ಟು' ಅಂದ್ರೆ ಎರಡು ಗುಂಪನ್ನೂ ಒಂದೇ ಸಲ ಕರೆದ ಹಾಗೆ. 'ಮಾಡಬಲ್ಲೆ' ಮತ್ತು 'ಮಾಡೋಕೆ ಆಗುತ್ತೆ' ಎರಡನ್ನೂ ಒಂದೇ ಉಸಿರಲ್ಲಿ ಹೇಳಿದಂತೆ.

ಹಾಗಾದ್ರೆ ಈ 'ಟು' ಎಲ್ಲಿಂದ ಬಂತು? ಸಾವಿರ ವರ್ಷದ ಹಿಂದಿನ ಇಂಗ್ಲಿಷ್‌ನಲ್ಲಿ 'ಟು' ಅಂದ್ರೆ ಕಡೆಗೆ, ಗೆ, ಕ್ಕೆ. ಊರಿನ ಕಡೆಗೆ ಅನ್ನೋದಕ್ಕೂ ಅದೇ, ಒಂದು ಕೆಲಸ ಮಾಡೋದಕ್ಕೆ ಅನ್ನೋದಕ್ಕೂ ಅದೇ. ನಮ್ಮಲ್ಲೂ ಹಾಗೇ ಅಲ್ವಾ? ಬೆಂಗಳೂರಿಗೆ, ಹೋಗೋದಕ್ಕೆ. ಮುಂದೆ ಆ 'ಟು' ಹೆಚ್ಚು ಕಮ್ಮಿ ಎಲ್ಲಾ ಕ್ರಿಯಾಪದಗಳ ಮುಂದೆ ಬಂದು ಕೂತ್ಕೊಳ್ತು. ಕ್ಯಾನ್, ಮಸ್ಟ್ ಮಾತ್ರ ಹಳೇ ಪದ್ಧತಿ ಬಿಡಲಿಲ್ಲ. ಅದಕ್ಕೇ 'ಐ ಮಸ್ಟ್ ಗೋ ಟು ಬ್ಯಾಂಗಲೋರ್' ಸರಿ. ಅಲ್ಲಿರೋ 'ಟು' ಬೆಂಗಳೂರಿನದು, 'ಮಸ್ಟ್'ನದಲ್ಲ. 'ಯು ಕ್ಯಾನ್ ಡಿಪೆಂಡ್ ಆನ್ ಮಿ' ಅನ್ನೋದರಲ್ಲಿ 'ಆನ್' ಕೂಡ 'ಡಿಪೆಂಡ್' ತಂದದ್ದು, 'ಕ್ಯಾನ್' ತಂದದ್ದಲ್ಲ.

ಈಗ ಅರ್ಥದ ಚರಿತ್ರೆಗೆ ಬರೋಣ. ನನಗೆ ತುಂಬಾ ಇಷ್ಟವಾದ ಭಾಗ ಇದು. 'ಕ್ಯಾನ್' ಮೊದಲು 'ಗೊತ್ತು' ಅನ್ನೋ ಅರ್ಥದ ಕ್ರಿಯಾಪದ. ಗೊತ್ತಿದ್ದವನು ಮಾಡಬಲ್ಲ, ಹಾಗೆ 'ಸಾಧ್ಯ' ಅನ್ನೋ ಅರ್ಥ ಬಂತು. ನಮ್ಮ 'ಬಲ್ಲ' ನೋಡಿ. 'ಅವನು ಎಲ್ಲಾ ಬಲ್ಲ' ಅಂದ್ರೆ ಗೊತ್ತಿದೆ ಅಂತ. 'ಅವನು ಹಾಡಬಲ್ಲ' ಅಂದ್ರೆ ಸಾಧ್ಯ ಅಂತ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆ, ನಡೆದಿದ್ದು ಒಂದೇ ದಾರಿ. 'ವಿಲ್' ಅಂದ್ರೆ ಆಸೆಪಡು. ನಮ್ಮ 'ಬೇಕು' ಹಳಗನ್ನಡದಲ್ಲಿ 'ಬೇೞ್ಕುಂ', ಅದರ ಬೇರಿನಲ್ಲೂ ಆಸೆ ಇದೆ.

'ಹೀ ಕ್ಯಾನ್ಸ್' ಅಂತ ಯಾಕಿಲ್ಲ? ಕ್ಯಾನ್, ಮೇ, ಶಲ್ ರೂಪದಲ್ಲಿ ಹಳೆಯ ಭೂತಕಾಲದ ಪದಗಳು, ಆಮೇಲೆ ವರ್ತಮಾನಕ್ಕೆ ಬಂದವು. ಭೂತಕಾಲಕ್ಕೆ 'ಎಸ್' ಸೇರಲ್ಲವಲ್ಲ! ನಮ್ಮ ಬೇಕು, ಬಹುದು ಕೂಡ ಹಾಗೇ ಬದಲಾಗಲ್ಲ: ನಾನು ಮಾಡಬೇಕು, ಅವಳು ಮಾಡಬೇಕು, ಅವರು ಮಾಡಬೇಕು.

ಈಗ ಜಂಗಮಕೋಟೆಗೆ ವಾಪಸ್. ಶಿಡ್ಲಘಟ್ಟ ತಾಲ್ಲೂಕಿನ ಈ ಹೋಬಳಿ 2007ರವರೆಗೆ ಕೋಲಾರ ಜಿಲ್ಲೆಯಲ್ಲಿತ್ತು, ಆಮೇಲೆ ಚಿಕ್ಕಬಳ್ಳಾಪುರಕ್ಕೆ ಸೇರಿತು. ಹಿಪ್ಪುನೇರಳೆ, ರೇಷ್ಮೆಗೂಡಿನ ಸೀಮೆ. ಮನೆಯಲ್ಲಿ ತೆಲುಗು, ಸ್ಕೂಲಲ್ಲಿ ಕನ್ನಡ ಅನ್ನೋರು ಇಲ್ಲಿ ಬೇಕಾದಷ್ಟು ಜನ. ಕನ್ನಡದಲ್ಲಿ 'ಮಾಡಬಹುದು', ತೆಲುಗಿನಲ್ಲಿ 'ಚೇಯವಚ್ಚು', ಬಾಯಿಮಾತಲ್ಲಿ 'ಚೇಯೊಚ್ಚು'. 'ಬಹುದು' ಬಂದದ್ದು 'ಬರು' ಇಂದ, 'ವಚ್ಚು' ಬಂದದ್ದೂ ಬರೋದು ಅನ್ನೋ ತೆಲುಗು ಪದದಿಂದಲೇ. ಬೇಡ ಅನ್ನುವಾಗ 'ಮಾಡಬಾರದು', 'ಚೇಯರಾದು'. ಎರಡರಲ್ಲೂ ಮೂಲ ಅರ್ಥ 'ಬರುವುದಿಲ್ಲ' ಅಂತ. ಇಲ್ಲಿನ ಮಗು ಐದನೇ ವಯಸ್ಸಿಗೇ ಎರಡು ಭಾಷೆಯಲ್ಲಿ ಈ ಅಂಟೋ ಪದಗಳನ್ನ ತಪ್ಪಿಲ್ಲದೆ ಬಳಸುತ್ತೆ. ಅಂಥವರಿಗೆ ಮೂರನೇ ಭಾಷೆಯಲ್ಲಿ ಈ ನಿಯಮ ಅರ್ಥವಾಗಲ್ಲ ಅಂದ್ರೆ ನಂಬ್ತೀರಾ?

ಉಲ್ಟಾ ಕಡೆಯಿಂದಲೂ ನೋಡಿ. ವಿಲಿಯಂ ಕೇರಿ 1817ರಲ್ಲಿ ಶ್ರೀರಾಂಪುರದಿಂದ ಇಂಗ್ಲಿಷ್‌ನಲ್ಲಿ ಕನ್ನಡ ವ್ಯಾಕರಣ ಪ್ರಕಟಿಸಿದ. ಜರ್ಮನಿಯಿಂದ 1853ರಲ್ಲಿ ಬಂದ ಕಿಟ್ಟೆಲ್ 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ಹೊರತಂದ. ಅವರೂ ಒಂದು ಕಾಲದಲ್ಲಿ ನಮ್ಮ ಬೇಕು, ಬಹುದುಗಳ ಮುಂದೆ ವಿದ್ಯಾರ್ಥಿಗಳೇ. ಇನ್ನು ಇಂಗ್ಲಿಷ್ ಮನೆಭಾಷೆ ಆಗಿರೋರೇ ಇವತ್ತೂ 'ಕುಡ್ ಹ್ಯಾವ್' ಬರೆಯೋ ಕಡೆ 'ಕುಡ್ ಆಫ್' ಅಂತ ಬರೀತಾರೆ. ಆ 'ಕುಡ್' ಪದದ ಸ್ಪೆಲ್ಲಿಂಗ್‌ನಲ್ಲಿರೋ 'ಎಲ್' ಕೂಡ ಮೊದಲು ಇರಲೇ ಇಲ್ಲ. ಶುಡ್, ವುಡ್ ನೋಡಿ ಆಮೇಲೆ ಸೇರಿಸಿದ್ದು.

ಕೊನೆಯದಾಗಿ, ಕಾಮರ್ಸ್ ಓದಿದವನಾಗಿ ನನಗೆ ಮುಖ್ಯ ಅನ್ನಿಸಿದ ಮಾತು. 'ಶಲ್' ಪದದ ಮೊದಲ ಅರ್ಥ ಏನು ಗೊತ್ತಾ? ಸಾಲ ಕೊಡಬೇಕಾಗಿದೆ ಅಂತ. 'ಆಟ್' ಬಂದದ್ದೂ ಸಾಲ ಅನ್ನೋ ಅರ್ಥದ 'ಓ' ಕ್ರಿಯಾಪದದಿಂದ. ಅಂದ್ರೆ ಇಂಗ್ಲಿಷ್‌ನಲ್ಲಿ ಕರ್ತವ್ಯದ ಮಾತು ಹುಟ್ಟಿದ್ದೇ ಬಾಕಿಯ ಲೆಕ್ಕದಲ್ಲಿ. ನಮ್ಮ ಸರ್ಕಾರಿ ಕನ್ನಡದಲ್ಲಿ 'ಶಲ್'ಗೆ 'ತಕ್ಕದ್ದು' ಅಂತಾರೆ: ಅರ್ಜಿ ಸಲ್ಲಿಸತಕ್ಕದ್ದು. ಅದರ ಬೇರು 'ತಗು', ಯೋಗ್ಯವಾಗು ಅಂತ. ಅಲ್ಲಿ ಸಾಲ, ಇಲ್ಲಿ ಯೋಗ್ಯತೆ.

ಫೋನಲ್ಲಿ ಸಾಲದ ಆ್ಯಪ್ ತೆರೆದಾಗ ಕೆಳಗೆ ಉದ್ದನೆಯ ಇಂಗ್ಲಿಷ್ ಷರತ್ತು ಬರುತ್ತಲ್ಲ, ಮುಂದಿನ ಸಲ ಅದರಲ್ಲಿ ಎರಡೇ ಪದ ಹುಡುಕಿ. ಸಾಲ ತಗೊಳ್ಳೋರ ಹೆಸರಿನ ಪಕ್ಕ ಸಾಮಾನ್ಯವಾಗಿ 'ಶಲ್' ಇರುತ್ತೆ: ಕಟ್ಟಲೇಬೇಕು. ಕೊಡೋರ ಪಕ್ಕ 'ಮೇ' ಇರುತ್ತೆ: ಬಡ್ಡಿ ಬದಲಾಯಿಸಬಹುದು, ಬದಲಾಯಿಸದೇನೂ ಇರಬಹುದು, ಅವರಿಷ್ಟ. ಇಡೀ ಒಪ್ಪಂದದ ತೂಕ ಈ ಎರಡು ಪದದ ಮೇಲೆ ನಿಂತಿರುತ್ತೆ. ಇಂಟರ್‌ವ್ಯೂನಲ್ಲಿ ಒಂದು 'ಟು' ಹೆಚ್ಚಾದ್ರೆ ಯಾರೋ ನಗಬಹುದು, ನಗಲಿ ಬಿಡಿ. 'ಐ ಅಗ್ರೀ' ಒತ್ತೋ ಮೊದಲು ಯಾರು 'ಬೇಕು', ಯಾರು 'ಬಹುದು' ಅನ್ನೋದನ್ನ ಮಾತ್ರ ಓದಲೇಬೇಕು.

ಮುಂದಿನ ಸಂಚಿಕೆಯಲ್ಲಿ ಸಿಗೋಣ. ನಿಮ್ಮ ಕಡೆ 'ಆಗಲ್ಲ' ಅನ್ನೋದನ್ನ ಹೇಗೆ ಹೇಳ್ತೀರಿ ಅಂತ ವಾಯ್ಸ್ ನೋಟ್ ಕಳಿಸಿ.